ಕುಮಟಗಿಯ ಒಣ ಕೊಳ: ನೀರಿನ ಜಾಡು ಹಿಡಿದು ಒಂದು ದಿನ

ಕುಮಟಗಿಯ ಬೇಸಿಗೆ ಅರಮನೆಗೆ ಹೋದವರಿಗೆ ಮೊದಲು ಕಾಣುವುದು ಒಂದು ಖಾಲಿ ಕೊಳ. ಚೌಕಾಕಾರದ ಆ ಕೊಳದ ನಡುವೆ ಕಮಾನುಗಳ ಎರಡಂತಸ್ತಿನ ಮಂಟಪವಿದೆ, ಅದನ್ನು ತಲುಪಲು ಕಲ್ಲಿನ ಹಾದಿಯಿದೆ. ನೀರೊಂದೇ ಇಲ್ಲ. ಕಳೆದ ಚಳಿಗಾಲದ ರಜೆಗೆ ಬೆಳಗಾವಿಯಿಂದ ಬಂದಿದ್ದ ನನ್ನ ಅಕ್ಕನ ಮಗಳು ಕೊಳದ ಅಂಚಿನಲ್ಲಿ ನಿಂತು, ತುಸು ಹೊತ್ತು ಒಳಗೆ ಬಗ್ಗಿ ನೋಡಿ ಕೇಳಿದಳು: “ಮಾಮಾ, ನಿಮ್ಮ ಕಡೆ ಮಳೆಯೇ ಕಡಿಮೆ ಅನ್ನುತ್ತೀರಿ. ಹಾಗಾದರೆ ಇಷ್ಟೊಂದು ನೀರನ್ನು ಎಲ್ಲಿಂದ ತಂದರು? ಅದನ್ನು ಮಾಳಿಗೆಯ ಮೇಲಕ್ಕೆ ಹೇಗೆ ಹತ್ತಿಸಿದರು? ಆಗ ಕರೆಂಟ್ ಇರಲಿಲ್ಲವಲ್ಲ?”

ಎಂಟನೆಯ ತರಗತಿಯ ಹುಡುಗಿಯ ಈ ಮೂರು ಪ್ರಶ್ನೆಗಳಲ್ಲಿ ವಿಜಯಪುರದ ಅರ್ಧ ಇತಿಹಾಸವಿದೆ. ಗುಮ್ಮಟಗಳನ್ನು ನೋಡಿ ಬೆರಗಾಗಿ ಹಿಂದಿರುಗುವ ಪ್ರವಾಸಿಗರು ನೀರಿನ ವಿಚಾರಕ್ಕೆ ಬರುವುದೇ ಅಪರೂಪ. ಆದರೆ ಇಲ್ಲಿನ ಅರಮನೆಗಳಾಗಲಿ ತೋಟಗಳಾಗಲಿ ಅರ್ಥವಾಗಬೇಕಾದರೆ ನೀರು ಹರಿದ ದಾರಿಯಲ್ಲೇ ನಡೆಯಬೇಕು. ಆ ದಿನ ಅವಳೊಂದಿಗೆ ನಾನು ಮಾಡಿದ್ದು ಅದನ್ನೇ.

ಮೊದಲು ನೆಲದ ವಿಷಯ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಮುಗಿಯುತ್ತದೆ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಕರಿಗಲ್ಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ನೆಲದಲ್ಲಿ ಆದಿಲ್‌ಶಾಹಿ ಅರಸರು 15ನೆಯ ಶತಮಾನದ ಕೊನೆಯಿಂದ 1686ರವರೆಗೆ, ಹತ್ತಿರ ಹತ್ತಿರ ಇನ್ನೂರು ವರ್ಷ, ರಾಜಧಾನಿಯೊಂದನ್ನು ನಡೆಸಿದರು. ಕೋಟೆ, ಮಸೀದಿ, ಸೈನ್ಯ, ಪೇಟೆ ಎಲ್ಲಕ್ಕೂ ನೀರು ಬೇಕು. ಅದೆಲ್ಲ ಒದಗಿದ ಮೇಲೆಯೇ ಕಾರಂಜಿಯ ಮಾತು. ಒಣ ನಾಡಿನಲ್ಲಿ ಕಾರಂಜಿ ಚಿಮ್ಮಿಸುವ ಅರಸ “ನನ್ನಲ್ಲಿ ನೀರಿದೆ” ಎಂದು ಬಂದವರಿಗೆಲ್ಲ ಸಾರುತ್ತಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ಕುಮಟಗಿ ಇರುವುದು ವಿಜಯಪುರದಿಂದ ಪೂರ್ವಕ್ಕೆ, ಸಿಂದಗಿ ರಸ್ತೆಯಲ್ಲಿ, ಸುಮಾರು 20 ಕಿ.ಮೀ. ದೂರದಲ್ಲಿ. ಆದಿಲ್‌ಶಾಹಿಗಳ ವಿಹಾರದ ತಾಣ ಅದು. ಹೆಚ್ಚಿನವರು ವಿಜಯಪುರ ನೋಡಲು ಗೋಳಗುಮ್ಮಟದಿಂದ ಆರಂಭಿಸುತ್ತಾರೆ. ನಾನು ಮಾತ್ರ ನೆಂಟರನ್ನು ಮೊದಲು ಕುಮಟಗಿಗೇ ಕರೆದುಕೊಂಡು ಹೋಗುತ್ತೇನೆ. ನಗರದಲ್ಲಿ ಹಲವು ಮೈಲುಗಳಿಗೆ ಹರಡಿಕೊಂಡು, ಅರ್ಧ ನೆಲದಡಿಯಲ್ಲಿ ಹುದುಗಿ, ಅರ್ಧ ಮನೆಗಳ ನಡುವೆ ಮರೆಯಾಗಿರುವ ವ್ಯವಸ್ಥೆ ಇಲ್ಲಿ ಒಂದೇ ಬಯಲಿನಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಕೆರೆ, ಅದರ ಬಳಿ ನೀರಿನ ಗೋಪುರ, ಗೋಪುರದಿಂದ ಹೊರಟ ಕೊಳವೆಗಳು, ಅವು ತಲುಪುವ ಮಂಟಪಗಳು, ಕಾರಂಜಿಗಳು, ಕೊಳ. ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಪಾಠ ಹೇಳಿದಂತಿದೆ.

ಹುಡುಗಿಯ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸೋಣ, ಏಕೆಂದರೆ ಉಳಿದೆಲ್ಲ ಅದಕ್ಕೆ ಗಂಟು ಹಾಕಿಕೊಂಡಿದೆ. ನೀರು ಮೇಲಕ್ಕೆ ಚಿಮ್ಮುವುದು ಹೇಗೆ?

ಮನೆ ಕಟ್ಟುವಾಗ ಗೌಂಡಿಗಳು ಎರಡು ಗೋಡೆಗಳ ಮಟ್ಟವನ್ನು ಸರಿ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಹಿಡಿಯುವುದನ್ನು ಎಲ್ಲರೂ ಕಂಡಿರುತ್ತೀರಿ. ಪೈಪು ನಡುವೆ ಎಷ್ಟೇ ಜೋತು ಬಿದ್ದಿರಲಿ, ಎಷ್ಟೇ ಸುತ್ತಿ ಬಂದಿರಲಿ, ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಈಗ ಒಂದು ತುದಿಯನ್ನು ಹತ್ತು ಅಡಿ ಮೇಲೆ ಹಿಡಿದು, ಇನ್ನೊಂದು ತುದಿಯನ್ನು ನೆಲಕ್ಕೆ ತಂದು, ಬಾಯಿಗೆ ಸಣ್ಣ ರಂಧ್ರದ ಬಿರಡೆ ಹಾಕಿದರೆ ಏನಾಗುತ್ತದೆ? ನೀರು ತನ್ನ ಮಟ್ಟವನ್ನು ಹುಡುಕಿಕೊಂಡು ರಂಧ್ರದಿಂದ ಮೇಲಕ್ಕೆ ಚಿಮ್ಮುತ್ತದೆ. ಕಾರಂಜಿ ಎಂದರೆ ಇಷ್ಟೇ. ಕೊಳವೆಯ ಒಳಮೈಯ ಉಜ್ಜುವಿಕೆ, ಗಾಳಿಯ ತಡೆ ಇವುಗಳಿಂದಾಗಿ ಅದು ಹತ್ತು ಅಡಿ ಪೂರ್ತಿ ಏರುವುದಿಲ್ಲ, ತುಸು ಕೆಳಗೇ ನಿಂತು ಬಾಗಿ ಬೀಳುತ್ತದೆ. ನಮ್ಮ ಮನೆಗಳಲ್ಲೂ ಇದೇ ನಿಯಮ ಕೆಲಸ ಮಾಡುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೆಳಗಿನ ನಲ್ಲಿಯಲ್ಲಿ ರಭಸವಾಗಿ ಬರುತ್ತದೆ, ಮೇಲಂತಸ್ತಿನ ನಲ್ಲಿಯಲ್ಲಿ ಮೆಲ್ಲಗೆ ಬರುತ್ತದೆ. 10 ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಹೇರುತ್ತದೆ.

ಹಾಗಾದರೆ ಕಾರಂಜಿಯ ಗುಟ್ಟು ಇರುವುದು ಗೋಪುರದಲ್ಲಿ. ಕುಮಟಗಿಯಲ್ಲಿ ನೀರನ್ನು ಮೊದಲು ಗೋಪುರದ ನೆತ್ತಿಗೆ ಏರಿಸುತ್ತಿದ್ದರು, ಅಲ್ಲಿಂದ ಅದು ತಾನಾಗಿ ಕೊಳವೆಗಳಲ್ಲಿ ಇಳಿದು ಮಂಟಪಗಳಿಗೆ ಹರಿಯುತ್ತಿತ್ತು. ಆ ಕಾಲದಲ್ಲಿ ನೀರು ಎತ್ತುವುದೆಂದರೆ ಮನುಷ್ಯರ ಅಥವಾ ಎತ್ತುಗಳ ದುಡಿಮೆ. ನಮ್ಮ ಅಜ್ಜಂದಿರ ಕಾಲದವರೆಗೂ ಬಾವಿಗಳ ಮೇಲೆ ನಡೆಯುತ್ತಿದ್ದ ಕಪಿಲೆಯನ್ನು ನೆನೆಸಿಕೊಳ್ಳಿ: ತೊಗಲಿನ ದೊಡ್ಡ ಚೀಲ, ಹಗ್ಗ, ಗಾಲಿ, ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಯುವ ಜೋಡೆತ್ತು. ಒಂದು ಗಳಿಗೆಯ ಕಾರಂಜಿಯ ಹಿಂದೆ ಎಷ್ಟು ಹೊತ್ತಿನ ದುಡಿಮೆ ಇರಬೇಕು ಎಂದು ಲೆಕ್ಕ ಹಾಕಿದರೆ ಎದೆ ಭಾರವಾಗುತ್ತದೆ. 1,000 ಲೀಟರ್ ನೀರು ಎಂದರೆ ಒಂದು ಟನ್ ತೂಕ. ಅದನ್ನು ಮೂರು ಮಾಳಿಗೆ ಎತ್ತರಕ್ಕೆ ಏರಿಸಬೇಕು, ಅದೂ ದಿನಕ್ಕೆ ಒಂದೇ ಸಲವಲ್ಲ. ಮಂಟಪದ ಕಮಾನುಗಳನ್ನು ಹೊಗಳುವಾಗ ಆ ಹಗ್ಗ ಹಿಡಿದವರನ್ನೂ ನೆನೆಯಬೇಕೆಂದು ಅವಳಿಗೆ ಹೇಳಿದೆ.

ಮಂಟಪದೊಳಗೆ ನಡೆದರೆ ಇನ್ನೊಂದು ಸೋಜಿಗ. ಇಲ್ಲಿ ನೀರು ಕೆಳಗಿನಿಂದ ಚಿಮ್ಮುತ್ತಿದ್ದುದು ಮಾತ್ರವಲ್ಲ, ಮೇಲಿನಿಂದಲೂ ಸುರಿಯುತ್ತಿತ್ತು. ಗೋಡೆಯೊಳಗೆ ಏರಿದ ಕೊಳವೆಗಳು ಚಾವಣಿಯನ್ನು ತಲುಪಿ, ಅಲ್ಲಿನ ರಂಧ್ರಗಳಿಂದ ನೀರು ತುಂತುರಾಗಿ ಬೀಳುವಂತೆ ಮಾಡಿದ್ದರು. ಕೆಳಗೆ ಕೊಳ, ಸುತ್ತ ಕಾರಂಜಿ, ನೆತ್ತಿಯ ಮೇಲೆ ತುಂತುರು. ನಡು ಬೇಸಿಗೆಯಲ್ಲಿ ತೆರೆದ ಕಮಾನುಗಳ ಮೂಲಕ ಒಣ ಗಾಳಿ ಒಳಗೆ ಬಂದು, ಈ ಹನಿಗಳನ್ನು ಹಾದು ಹೋಗುತ್ತಿತ್ತು.

ಇದು ಬರಿ ಸೊಗಸಿಗಾಗಿ ಮಾಡಿದ್ದಲ್ಲ. ಅಡುಗೆಮನೆಯ ಮೂಲೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಈ ಮಂಟಪವೂ ತಣ್ಣಗಾಗುತ್ತಿತ್ತು. ನೀರು ಆವಿಯಾಗಲು ಶಾಖ ಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ 4.2 ಕಿಲೋಜೌಲ್ ಮಾತ್ರ. ಅಂದರೆ 10 ಲೀಟರ್ ಹಿಡಿಯುವ ಹರವಿಯ ಮೈಯಿಂದ ಕಾಲು ಲೀಟರ್ ನೀರು ಜಿನುಗಿ ಆವಿಯಾದರೆ, ಹೊರಗಿನ ಬಿಸಿ ಒಳಗೆ ನುಗ್ಗದಿದ್ದ ಪಕ್ಷದಲ್ಲಿ, ಉಳಿದ ನೀರು 14 ಡಿಗ್ರಿಯಷ್ಟು ತಣ್ಣಗಾಗಬಹುದು. ಹನಿ ಸಣ್ಣದಾದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚು, ಆವಿಯಾಗುವ ವೇಗ ಹೆಚ್ಚು. ಚಾವಣಿಯಿಂದ ನೀರನ್ನು ಧಾರೆಯಾಗಿ ಬಿಡದೆ ತುಂತುರಾಗಿ ಬಿಟ್ಟಿದ್ದರ ಲಾಭ ಇದು. ಮಂಗಳೂರಿನಂಥ ತೇವದ ಊರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ಅಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿಯೇ ಇಲ್ಲಿ ನೆರವಾದದ್ದು. ನಮ್ಮನ್ನು ಸುಡುವ ಗಾಳಿಯನ್ನೇ ತಂಪಿಗೆ ಹಚ್ಚಿದ ಆ ಜಾಣ್ಮೆಗೆ ನಾನು ಪ್ರತಿ ಸಲವೂ ಮನಸೋಲುತ್ತೇನೆ.

ಗೋಡೆಗಳ ಮೇಲೆ ಚಿತ್ರಗಳಿವೆ. ಕುದುರೆ ಏರಿ ಚೆಂಡಾಟ ಆಡುವವರು, ಕುಸ್ತಿಯ ಪೈಲ್ವಾನರು, ವಾದ್ಯ ನುಡಿಸುವವರು, ಯುರೋಪಿನ ಉಡುಪು ತೊಟ್ಟವರು. ಅರಸನ ಬಿಡುವಿನ ಹೊತ್ತು ಹೇಗೆ ಕಳೆಯುತ್ತಿತ್ತು ಎಂಬುದು ಆ ಗೋಡೆಗಳಲ್ಲಿದೆ. ಮಸುಕಾಗಿವೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮಳೆ ಬಿಸಿಲುಗಳಿಗಿಂತ ಹೆಚ್ಚು ನೋಯಿಸುವುದು ಅವುಗಳ ಮೇಲೆ ಮೊಳೆಯಿಂದ ಕೊರೆದ ಹೆಸರುಗಳು. ಈ ಬಣ್ಣದ ಪದರು ತೀರಾ ತೆಳು, ಒಮ್ಮೆ ಕೆರೆದರೆ ಮತ್ತೆ ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಒಳಗೆ ಕಾಲಿಡುವ ಮುನ್ನವೇ ಇದನ್ನು ಹೇಳಿಬಿಡಿ. ಗೋಡೆಗೆ ಒರಗಬೇಡಿ, ಕೈ ಸವರಬೇಡಿ, ಬೆವರಿನ ಉಪ್ಪೂ ಬಣ್ಣಕ್ಕೆ ಕೇಡು.

ಕುಮಟಗಿಯಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಂಡ ಮೇಲೆ ನಗರದ ಕಡೆ ತಿರುಗಿದೆವು, ಏಕೆಂದರೆ ಮೊದಲನೆಯ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇತ್ತು. ಕುಮಟಗಿಗೆ ಪಕ್ಕದಲ್ಲೇ ಕೆರೆ ಇತ್ತು ಸರಿ, ಇಡೀ ರಾಜಧಾನಿಗೆ?

ಇದಕ್ಕೆ ಉತ್ತರವಿರುವುದು ನಗರದ ಪಶ್ಚಿಮಕ್ಕಿರುವ ತೊರವಿಯಲ್ಲಿ. ಲಕ್ಷ್ಮೀನರಸಿಂಹನ ಗುಡಿಗೆಂದು ಅಲ್ಲಿಗೆ ಹೋಗುವವರು ಬಹಳ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ನವರಸಪುರ ಎಂಬ ಹೊಸ ಊರನ್ನು ಕಟ್ಟಿಸಲು ತೊಡಗಿದ್ದೂ ಆ ಭಾಗದಲ್ಲೇ. ಸಂಗೀತವನ್ನು ಉಸಿರಿನಂತೆ ಪ್ರೀತಿಸಿದ ಅರಸ ಅವನು. ಅಲ್ಲಿನ ಸಂಗೀತ ಮಹಲಿನ ಎತ್ತರದ ಕಮಾನು ಈಗಲೂ ನಿಂತಿದೆ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. ತೊರವಿ ಕಡೆಯ ನೆಲ ನಗರಕ್ಕಿಂತ ಎತ್ತರದಲ್ಲಿದೆ. ನೀರಿನ ಮಟ್ಟಿಗೆ ಮುಖ್ಯವಾದ ಸಂಗತಿ ಇದೇ.

ಅಲ್ಲಿಂದ ನಗರಕ್ಕೆ ನೀರು ಬಂದದ್ದು ಸುರಂಗದಲ್ಲಿ. ಪರ್ಷಿಯಾದಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ಬೀದರಿನಲ್ಲೂ ಇದೆ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಬಾವಿ ತೋಡುತ್ತಾರೆ. ಅದು ತಾಯಿಬಾವಿ. ಅದರ ತಳದಿಂದ ಊರಿನ ಕಡೆಗೆ ಬಹಳ ಮೆಲ್ಲನೆಯ ಇಳಿಜಾರಿನಲ್ಲಿ ಸುರಂಗ ಕೊರೆಯುತ್ತಾರೆ. ದಾರಿಯುದ್ದಕ್ಕೂ ಅಷ್ಟಷ್ಟು ದೂರಕ್ಕೆ ಬಾವಿಯಂಥ ತೂತುಗಳನ್ನು ಬಿಡುತ್ತಾರೆ. ಅಗೆದ ಮಣ್ಣನ್ನು ಮೇಲೆತ್ತಲು, ಒಳಗಿರುವವರಿಗೆ ಗಾಳಿಯಾಡಲು, ಮುಂದೆ ಹೂಳು ತೆಗೆಯಲು ಅವೇ ಬಾಗಿಲು.

ಇಲ್ಲಿಯ ಜಾಣತನ ಒಂದು ಸರಳ ಲೆಕ್ಕದಲ್ಲಿದೆ. ಭೂಮಿ ಪ್ರತಿ ಕಿಲೋಮೀಟರಿಗೆ 5 ಮೀಟರ್ ಇಳಿಯುತ್ತದೆ, ಸುರಂಗ 1 ಮೀಟರ್ ಮಾತ್ರ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತಾಯಿಬಾವಿಯಲ್ಲಿ ನೀರು 20 ಮೀಟರ್ ಆಳದಲ್ಲಿದ್ದರೆ, ಒಂದೊಂದು ಕಿಲೋಮೀಟರ್ ಮುಂದೆ ಬಂದಂತೆ ಅದು ನೆಲದ ಮೇಲ್ಮೈಗೆ 4 ಮೀಟರ್ ಹತ್ತಿರವಾಗುತ್ತದೆ. 5 ಕಿಲೋಮೀಟರ್ ಆಗುವಷ್ಟರಲ್ಲಿ ನೀರು ಬೆಳಕಿಗೇ ಬಂದುಬಿಡುತ್ತದೆ. ಯಾರೂ ಎತ್ತಬೇಕಾಗಿಲ್ಲ, ಎತ್ತುಗಳೂ ಬೇಕಿಲ್ಲ. ನೀರು ಕೆಳಕ್ಕೇ ಹರಿಯುತ್ತದೆ, ಆದರೆ ನೆಲ ಅದಕ್ಕಿಂತ ಬೇಗ ಇಳಿದು ಬಂದು ಅದನ್ನು ಮುಟ್ಟುತ್ತದೆ. ಹುಡುಗಿಗೆ ಇದು ಮೊದಲು ಹಿಡಿಸಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಎರಡು ಗೆರೆ ಎಳೆದು, ಒಂದನ್ನು ಹೆಚ್ಚು ಓರೆಯಾಗಿ, ಇನ್ನೊಂದನ್ನು ಕಡಿಮೆ ಓರೆಯಾಗಿ ತೋರಿಸಿದಾಗ ಕಣ್ಣರಳಿತು. ಸುರಂಗದ ಇಳಿಜಾರು ತುಸು ಹೆಚ್ಚಾದರೆ ನೀರಿನ ರಭಸಕ್ಕೆ ಗೋಡೆ ಕೊರೆದುಹೋಗುತ್ತದೆ, ತೀರಾ ಕಡಿಮೆಯಾದರೆ ಹೂಳು ಕಟ್ಟಿಕೊಳ್ಳುತ್ತದೆ. ಈ ನಡುವಿನ ಹದವನ್ನು ನೆಲದಡಿಯ ಕತ್ತಲಿನಲ್ಲಿ, ದೀಪದ ಬೆಳಕಿನಲ್ಲಿ ಹಿಡಿದವರ ಕೈಗೆ ನಮಸ್ಕಾರ. ಸುರಂಗದ ಇನ್ನೊಂದು ಗುಣವೆಂದರೆ ಅಲ್ಲಿ ಬಿಸಿಲಿಲ್ಲ. ತೆರೆದ ಕಾಲುವೆಯಲ್ಲಾದರೆ ನಮ್ಮ ಬೇಸಿಗೆ ಕುಡಿದುಬಿಡುತ್ತಿದ್ದ ನೀರು ಇಲ್ಲಿ ಉಳಿಯುತ್ತಿತ್ತು. ಕೋಟೆಯನ್ನು ಮುತ್ತಿದ ಶತ್ರುವಿನ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೇಗಂ ತಾಲಾಬಿನದು ಬೇರೆ ಬಗೆ. ನಗರದ ದಕ್ಷಿಣಕ್ಕಿರುವ ಈ ಕೆರೆಯನ್ನು ಮುಹಮ್ಮದ್ ಆದಿಲ್‌ಶಾಹಿ 1651ರಲ್ಲಿ ಕಟ್ಟಿಸಿದ. ಇಲ್ಲಿಂದ ನೀರು ಹೋದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಅವುಗಳ ಸುತ್ತ ಗಾರೆ ಕಲ್ಲಿನ ಕವಚ ಕಟ್ಟಿ, 15ರಿಂದ 50 ಅಡಿ ಆಳದಲ್ಲಿ ಹುಗಿದಿದ್ದರು. ಮಣ್ಣಿನ ಕೊಳವೆಯ ಕಷ್ಟ ಏನೆಂದರೆ ಅದಕ್ಕೆ ಹೆಚ್ಚು ಒತ್ತಡ ತಡೆಯುವ ಶಕ್ತಿ ಇಲ್ಲ. ಮುಚ್ಚಿದ ಕೊಳವೆ ಕೆಳಕ್ಕೆ ಇಳಿಯುತ್ತ ಹೋದಂತೆ ಒತ್ತಡ ಏರುತ್ತದೆ. ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಹರಿವು ತಡೆಯುತ್ತದೆ. ಮುಂದೆ ಯಾರಾದರೂ ಫಕ್ಕನೆ ಬಾಯಿ ಮುಚ್ಚಿದರೆ ಹರಿಯುತ್ತಿದ್ದ ನೀರು ಹಿಂದಕ್ಕೆ ಗುದ್ದುತ್ತದೆ. ಇವುಗಳಲ್ಲಿ ಯಾವುದೇ ಒಂದು ಸಾಕು, ಕೊಳವೆ ಸೀಳಲು.

ಅದಕ್ಕೆ ಮದ್ದಾಗಿ ಕಟ್ಟಿದ್ದು ಗಂಜ್‌ಗಳನ್ನು. ವಿಜಯಪುರದ ಗಲ್ಲಿಗಳಲ್ಲಿ, ಮನೆಗಳ ನಡುವೆ, ಒಂಟಿಯಾಗಿ ನಿಂತಿರುವ ಕಲ್ಲಿನ ಚೌಕ ಗೋಪುರಗಳನ್ನು ನೋಡಿರುತ್ತೀರಿ. ಕಾವಲು ಬುರುಜು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. 25ರಿಂದ 40 ಅಡಿ ಎತ್ತರದ ಇವು ನೀರಿನ ಗೋಪುರಗಳು. ಕೊಳವೆಯ ನೀರು ಗೋಪುರದೊಳಗೆ ಮೇಲೇರುತ್ತದೆ, ಸಿಕ್ಕಿಕೊಂಡ ಗಾಳಿ ಮೇಲಿನಿಂದ ಹೊರಬೀಳುತ್ತದೆ, ಕಸ ಹೂಳುಗಳು ತಳದಲ್ಲಿ ಕೂರುತ್ತವೆ, ಗುದ್ದು ಬಂದರೆ ನೀರು ಸ್ವಲ್ಪ ಮೇಲೆ ಕೆಳಗೆ ಆಡಿ ಶಾಂತವಾಗುತ್ತದೆ. ಕುಮಟಗಿಯ ಗೋಪುರ ಒತ್ತಡ ಹುಟ್ಟಿಸುತ್ತಿತ್ತು, ನಗರದ ಗಂಜ್ ಒತ್ತಡವನ್ನು ಹದಕ್ಕೆ ತರುತ್ತಿತ್ತು. ನೋಡಲು ಎರಡೂ ಗೋಪುರವೇ.

ಇಷ್ಟು ತಿಳಿದ ಮೇಲೆ ಇಬ್ರಾಹಿಂ ರೋಜಾದ ಅಂಗಳದಲ್ಲಿ ನಿಂತರೆ ಬೇರೆಯೇ ಅನುಭವ. ಎರಡನೆಯ ಇಬ್ರಾಹಿಂ ಮತ್ತು ರಾಣಿ ತಾಜ್ ಸುಲ್ತಾನಾರ ಗೋರಿಯಿರುವ ಕಟ್ಟಡ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ಎರಡೂ ಒಂದೇ ಎತ್ತರದ ಜಗುಲಿಯ ಮೇಲೆ ಎದುರುಬದುರು. ನಡುವೆ ಕೊಳ ಮತ್ತು ಕಾರಂಜಿ. ಸುತ್ತ ಗೋಡೆ ಕಟ್ಟಿದ ತೋಟ. ಪರ್ಷಿಯಾದ ತೋಟದ ಕಲ್ಪನೆ ಚಹಾರ್ ಬಾಗ್, ಅಂದರೆ ನಾಲ್ಕು ಪಾಲಿನ ತೋಟ: ನಡುವೆ ನೀರು, ಅಲ್ಲಿಂದ ನಾಲ್ಕು ದಿಕ್ಕಿಗೆ ಕಾಲುವೆ. ಇಂಥ ತೋಟಗಳಲ್ಲಿ ನಡೆಯುವ ದಾರಿ ಎತ್ತರದಲ್ಲಿ, ಗಿಡಗಳ ಮಡಿ ತಗ್ಗಿನಲ್ಲಿ ಇರುತ್ತಿದ್ದವು. ಕಾಲುವೆಯ ಬದು ಸ್ವಲ್ಪ ಬಿಡಿಸಿದರೆ ಸಾಕು, ನೀರು ತಾನಾಗಿ ಮಡಿಗೆ ಇಳಿಯುತ್ತದೆ, ಹೊರಗೆ ಹರಿದು ಹೋಗುವುದಿಲ್ಲ, ಬೇರಿನ ಬಳಿ ತೇವ ನಿಲ್ಲುತ್ತದೆ. ತಗ್ಗಿನ ಮಡಿಯಲ್ಲಿ ಬೆಳೆದ ದಾಳಿಂಬೆಯ ಹಣ್ಣು ದಾರಿಯಲ್ಲಿ ನಡೆಯುವವನ ಕೈಗೇ ಸಿಗುತ್ತದೆ ಎಂಬುದು ಮೇಲಿನ ಸೊಗಸು. ಈಗ ನಾವು ಅಲ್ಲಿ ಕಾಣುವ ಹುಲ್ಲುಹಾಸು ಆ ಕಾಲದ್ದಲ್ಲ. ಸ್ಮಾರಕಗಳ ಸುತ್ತ ಹುಲ್ಲು ಬೆಳೆಸುವ ರೂಢಿ ಬ್ರಿಟಿಷರಿಂದ ಬಂದದ್ದು. ಹುಲ್ಲುಹಾಸಿನ ಬಾಯಾರಿಕೆ ದೊಡ್ಡದು. ಹಳೆಯ ತೋಟ ಬೇರಿಗೆ ಮಾತ್ರ ನೀರು ಕೊಡುವ ತೋಟ. ಇಂದು ತಿಕೋಟಾದ ದ್ರಾಕ್ಷಿ ಬೆಳೆಗಾರರು ಹನಿ ನೀರಾವರಿಯ ಪೈಪಿನಲ್ಲಿ ಮಾಡುತ್ತಿರುವುದೂ ಅದನ್ನೇ.

ಮಲಿಕ್ ಸಂದಲ್ ಈ ರೋಜಾದ ಹೊಣೆ ಹೊತ್ತ ಶಿಲ್ಪಿ. ತಾಜ್ ಸುಲ್ತಾನಾರ ಗೌರವಾರ್ಥ 1620ರಲ್ಲಿ ತಾಜ್ ಬಾವಡಿಯನ್ನು ಕಟ್ಟಿಸಿದವನೂ ಅವನೇ. ಅದು ರೋಜಾದಿಂದ ನಗರದೊಳಕ್ಕೆ ಬರುವಾಗ ಸಿಗುತ್ತದೆ. ದೊಡ್ಡ ಕಮಾನು, ಎರಡೂ ಪಕ್ಕ ಎಂಟು ಮೂಲೆಯ ಬುರುಜು, ಕೆಳಗೆ ಇಳಿಯುವ ಮೆಟ್ಟಿಲು, ಹಸಿರು ನೀರು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದ ಮೇಲೆ ಅದರ ಮೈ ಮತ್ತೆ ಕಂಡಿತು.

ದಿನದ ಹೊಂದಿಕೆ ಹೀಗೆ ಮಾಡಿಕೊಳ್ಳಿ: ನವೆಂಬರ್‌ನಿಂದ ಫೆಬ್ರುವರಿಯೊಳಗೆ ಒಂದು ದಿನ, ಬೆಳಗ್ಗೆ ಬೇಗ ಕುಮಟಗಿ. ಕುಡಿಯುವ ನೀರು ಮತ್ತು ಬುತ್ತಿ ಜೊತೆಗಿರಲಿ. ಮಧ್ಯಾಹ್ನದ ಮೇಲೆ ತೊರವಿ, ಅಲ್ಲಿಂದ ಹಿಂದಿರುಗುವಾಗ ಇಬ್ರಾಹಿಂ ರೋಜಾ, ತಾಜ್ ಬಾವಡಿ. ತೊರವಿಯಿಂದ ನಗರಕ್ಕೆ ಬರುವಾಗ ನೀವು ನೀರು ಬಂದ ದಿಕ್ಕಿನಲ್ಲೇ ಬರುತ್ತೀರಿ. ಸಂಜೆ ಅರಕಿಲ್ಲೆಯ, ಅಂದರೆ ಒಳಕೋಟೆಯ, ಭಾಗದಲ್ಲಿ ಒಂದು ಟಾಂಗಾ ಹಿಡಿದು ಸಾತ್ ಮಂಜಿಲ್ ಅರಮನೆ ಮತ್ತು ಅದರ ಎದುರಿನ ಪುಟ್ಟ ಜಲ ಮಂಜಿಲ್ ನೋಡಿ. ಸಾತ್ ಮಂಜಿಲಿನ ಮೇಲಂತಸ್ತುಗಳಲ್ಲೂ ನೀರಿನ ಕೊಳವೆಗಳ ಗುರುತಿದೆ. ಗೋಳಗುಮ್ಮಟವನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಗುಂಪು ಸೇರುವ ಮುನ್ನ ಹೋದರೆ ಮಾತ್ರ ಅಲ್ಲಿಯ ಪಿಸುಮಾತಿನ ಗ್ಯಾಲರಿ ನಿಜವಾಗಿ ಪಿಸುಗುಡುತ್ತದೆ.

ನಾವು ಕೊನೆಗೆ ನಿಂತದ್ದು ಆಸಾರ್ ಮಹಲಿನ ಮುಂದಿನ ಕೊಳದ ಬಳಿ. 1646ರ ಸುಮಾರಿನ ಕಟ್ಟಡ, ಮೊದಲು ನ್ಯಾಯ ನಡೆಯುತ್ತಿದ್ದ ಜಾಗ. ಬೇಗಂ ತಾಲಾಬಿನ ಕೊಳವೆಗಳು ನೀರು ತರುತ್ತಿದ್ದುದು ಇಲ್ಲಿಗೂ. ಆ ಸಂಜೆ ಕೊಳದಲ್ಲಿ ನೀರಿತ್ತು, ಎತ್ತರದ ಮರದ ಕಂಬಗಳು ಅದರಲ್ಲಿ ಅಲುಗುತ್ತಿದ್ದವು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ದಾರಿಯಲ್ಲಿ ಕಂಡ ಗಂಜ್ ಒಂದನ್ನು ನೆನಪಿಸಿಕೊಂಡು, “ಮಾಮಾ, ಅದು ಮೂರು ಮಾಳಿಗೆ ಎತ್ತರ ಇತ್ತಲ್ಲವೇ? ಹಾಗಾದರೆ ಇಲ್ಲಿ ಕಾರಂಜಿ ಇಟ್ಟಿದ್ದರೆ ಅದು ಎಷ್ಟು ಎತ್ತರ ಏರುತ್ತಿತ್ತು?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಕೊಳದ ಕಟ್ಟೆಯ ಮೇಲೆ ಬೆರಳಿನಿಂದ ಲೆಕ್ಕ ಬರೆಯತೊಡಗಿದಳು.